ಹಿಂದಿನ ಮೆಟ್ಟಿಲಿಗೆ ಒಂದು ದೀಪ

ಈ ಸಭೆಯ ಅಧ್ಯಕ್ಷರೂ ನಮ್ಮ ಲಾರ್ಕ್‌ಹರ್ಸ್ಟ್ ಇನ್ ಎಂಬ ಈ ವಸತಿಗೃಹದ ಹೊಸ ಮಾಲೀಕರೂ ಆದ ಮಾನ್ಯ ಪ್ರೋಬರ್ಟ್ ಅವರೇ, ನನ್ನ ಪುಡಿಂಗ್ ತಿಂದೇ ದಪ್ಪಗಾದ ನಮ್ಮ ಪಾದ್ರಿಗಳೇ, ಊರಿನ ಹಿರಿಯರೇ, ಸಭಿಕರೇ,

ಇನ್‌ಗೆ ಐವತ್ತು ತುಂಬಿದ ಈ ದಿನ ಅದರ ಚರಿತ್ರೆ ಹೇಳಲು ಅಡುಗೆಯ ಹಿಲ್ಡಾ ಪ್ಯೂ ಆದ ನನ್ನನ್ನು ನಿಲ್ಲಿಸಿದ್ದೀರಿ. ಹೇಳುತ್ತೇನೆ. ಆದರೆ ಕೊನೆಗೆ ಅಧ್ಯಕ್ಷರಲ್ಲಿ ನನ್ನದೊಂದು ಕೋರಿಕೆಯಿದೆ. ಲಿಫ್ಟ್ ಕೂರಿಸಲು ಮುಂದಿನ ವಾರ ಹಿಂದಿನ ಮೆಟ್ಟಿಲನ್ನು ಮುಚ್ಚುತ್ತಾರಂತೆ. ಕೋರಿಕೆ ಅದರ ಬಗ್ಗೆಯೇ.

ವಿಕ್ಟೋರಿಯಾ ರಾಣಿಯ ಕಾಲದಲ್ಲಿ ಈ ಮನೆ ಕಟ್ಟಿಸಿದವರು ಮೊಳೆ ಮಾರಿ ಶ್ರೀಮಂತರಾದ ಕಾರ್ಫೀಲ್ಡ್ ಅವರು. ಅಷ್ಟು ಮೊಳೆ ಮಾರಿದವರ ಮನೆಯಲ್ಲಿ ಒಂದು ಚಿತ್ರ ತೂಗುಹಾಕಲು ಮೊಳೆ ಸಿಗುತ್ತಿರಲಿಲ್ಲ, ಆ ಮಾತು ಬೇರೆ. ಮುಂದಿನ ಓಕ್ ಮೆಟ್ಟಿಲು ಮನೆಯವರಿಗೆ, ಹಿಂದಿನ ಇಕ್ಕಟ್ಟಾದ ಮೆಟ್ಟಿಲು ಕೆಲಸದವರಿಗೆ. ನಾವು ಅವರ ಕಣ್ಣಿಗೆ ಬೀಳಬಾರದು ನೋಡಿ. ಕೋಣೆಯಲ್ಲಿ ಅವರು ಹಗ್ಗ ಎಳೆದರೆ ಅಡುಗೆಮನೆಯಲ್ಲಿ ಗಂಟೆ ಹೊಡೆದುಕೊಳ್ಳುತ್ತಿತ್ತು. ಎಳೆಯುವವರು ಅವರು, ಓಡುವವರು ನಾವು. ಬೇಸರವಿತ್ತೇ? ಹಾಗೊಂದು ಪ್ರಶ್ನೆ ಇದೆಯೆಂದೇ ನಮಗೆ ಗೊತ್ತಿರಲಿಲ್ಲ.

ಯುದ್ಧ ಮುಗಿದ ಮೇಲೆ ಉಳಿದದ್ದು ಕಾರ್ಫೀಲ್ಡ್ ಅವರ ಮೊಮ್ಮಗಳು ಮಿಸ್ ಲೆಟಿಸ್ ಮತ್ತು ನಾನು. ಮಾಳಿಗೆ ಸೋರುತ್ತಿತ್ತು. ಮನೆ ಕೆಡವಿ ಕಲ್ಲು, ಮರ ಮಾರುವವರು ಬಂದು ಅಳತೆ ತೆಗೆದುಕೊಂಡು ಹೋದರು. ಅಂದು ಮಿಸ್ ಲೆಟಿಸ್ ಅಡುಗೆಮನೆಯ ಬಾಗಿಲಲ್ಲಿ ನಿಂತು, "ನೀನೆಲ್ಲಿಗೆ ಹೋಗ್ತೀಯಾ, ಹಿಲ್ಡಾ?" ಎಂದರು. ತಮ್ಮ ಗತಿಯೇನು ಎಂದು ಕೇಳಲಿಲ್ಲ. ಇಷ್ಟೊಂದು ಹಾಸಿಗೆಗಳಿವೆ, ನನಗೆ ಅಡುಗೆ ಬರುತ್ತದೆ, ಬಂದವರನ್ನು ಇಳಿಸಿಕೊಳ್ಳೋಣ ಎಂದೆ. ಹಾಗೆ ಈ ಇನ್ ಶುರುವಾಯಿತು. ಚರಿತ್ರೆ ಮುಗಿಯಿತು. ಪಾದ್ರಿಗಳು ಆಗಲೇ ಕೇಕಿನ ಕಡೆ ನೋಡುತ್ತಿದ್ದಾರೆ, ಇನ್ನೊಂದು ಚೂರು ಕೇಳಿಸಿಕೊಳ್ಳಬೇಕು.

ಮೊದಲ ಚಳಿಗಾಲದಲ್ಲೇ ನನಗೆ ನ್ಯುಮೋನಿಯಾ ಆಯಿತು. ಮಿಸ್ ಲೆಟಿಸ್ ನನ್ನನ್ನು ತಮ್ಮ ತಾಯಿಯ ಹಳದಿ ಕೋಣೆಯಲ್ಲಿ ಮಲಗಿಸಿ, ಏನು ಬೇಕಾದರೂ ಹಗ್ಗ ಎಳೆ ಎಂದು ಹೋದರು. ಗಂಟಲು ಒಣಗಿತ್ತು, ಹಗ್ಗ ದಿಂಬಿನ ಪಕ್ಕದಲ್ಲೇ ಇತ್ತು, ಎಳೆಯಲು ಕೈ ಬರಲಿಲ್ಲ. ಆ ಗಂಟೆಗೆ ಓಡಬೇಕಾದವಳು ನಾನಲ್ಲವೇ? ಕೊನೆಗೆ ಕಣ್ಣು ಮುಚ್ಚಿಕೊಂಡು ಎಳೆದೆ. ಎಷ್ಟು ಹೊತ್ತಾದರೂ ಯಾರೂ ಬರಲಿಲ್ಲ. ಆಮೇಲೆ ಗೋಡೆಯ ಒಳಗಿನಿಂದ ಒಂದು ದನಿ ಕೇಳಿಸಿತು.

"ಹಿಲ್ಡಾ, ನಾನೆಲ್ಲಿದ್ದೀನಿ?"

ಗಂಟೆ ಬಾರಿಸಿದರೆ ಹಿಂದಿನ ಮೆಟ್ಟಿಲು ಹತ್ತಬೇಕು, ಅದು ಈ ಮನೆಯ ಕ್ರಮ. ಪಾಪ, ಅದನ್ನೇ ಹತ್ತಿದ್ದರು. ಹುಟ್ಟಿ ಬೆಳೆದ ಮನೆಯಲ್ಲಿ ಆ ಮೆಟ್ಟಿಲ ಮೇಲೆ ಅವರು ಒಮ್ಮೆಯೂ ಕಾಲಿಟ್ಟವರಲ್ಲ.

"ಮೇಲಿನ ತಿರುವಿನಲ್ಲಿದ್ದೀರಿ. ಎಡಕ್ಕೆ ಬನ್ನಿ, ತಲೆ ತಗ್ಗಿಸಿ," ಎಂದೆ.

ಬಂದರು. ಕೂದಲ ತುಂಬ ಜೇಡರ ಬಲೆ, ಕಪ್ಪಿನ ಚಹಾ ಎಲ್ಲ ತಟ್ಟೆಯಲ್ಲಿ. ಮುಂದಿನ ಮೆಟ್ಟಿಲಲ್ಲೇ ಬರಬಹುದಿತ್ತಲ್ಲ ಎಂದೆ.

"ಗಂಟೆ ಬಾರಿಸಿದ್ದು ನೀನು, ಬಂದಿದ್ದು ನಾನು. ದಾರಿ ಇದೇ ಅಲ್ವಾ?" ಎಂದರು.

ಆ ತಟ್ಟೆಯ ಚಹಾ ಕುಡಿದೆ. ಅಂಥ ಚಹಾ ಮತ್ತೆಲ್ಲೂ... ಇರಲಿ.

ಆಮೇಲೆ ಬದುಕಿರುವವರೆಗೂ ಅವರು ಅದೇ ಮೆಟ್ಟಿಲು ಹತ್ತಿ ಗಿರಾಕಿಗಳಿಗೆ ಚಹಾ ಒಯ್ದರು. ಪ್ರತಿ ಸಲವೂ ದಾರಿ ತಪ್ಪಿದರು. ಪ್ರತಿ ಸಲವೂ ನಾನು ಕೆಳಗಿನಿಂದ "ಎಡಕ್ಕೆ" ಎಂದು ಕೂಗಿದೆ. ಹಾಲು ತರುತ್ತಿದ್ದ ರೆಜ್ ನನ್ನನ್ನು ಮದುವೆಯಾಗು ಎಂದು ಕೇಳಿದ್ದ. ಒಳ್ಳೆಯವನೇ. ಆದರೆ ನಾನು ಹೋದರೆ ಎಡಕ್ಕೆ ಎಂದು ಕೂಗುವವರು ಯಾರು?

ಪ್ರೋಬರ್ಟ್ ಅವರೇ, ಲಿಫ್ಟ್ ಹಾಕಿಸಿ, ನನ್ನ ಮಂಡಿಗೂ ಅದು ಬೇಕು. ಮೆಟ್ಟಿಲನ್ನೂ ಮುಚ್ಚಿ. ಆ ಮೇಲಿನ ತಿರುವನ್ನು ಮಾತ್ರ ಬಿಟ್ಟು, ಅಲ್ಲೊಂದು ಸಣ್ಣ ದೀಪ ಹಾಕಿಸಿಕೊಡಿ. ಅವರು ತೀರಿಕೊಂಡು ವರ್ಷಗಳಾದವು, ನನಗೆ ಗೊತ್ತು. ಆದರೂ ದಿನಾ ಬೆಳಿಗ್ಗೆ ಚಹಾ ಹಾಕುವಾಗ ಎಡಕ್ಕೆ ಎನ್ನುತ್ತೇನೆ. ಇನ್ನು ಹೆಚ್ಚು ದಿನ ಕೂಗಲು ನಾನಿರುವುದಿಲ್ಲ. ಕತ್ತಲಲ್ಲಿ ಅವರಿಗೆ ದಾರಿ ಗೊತ್ತಾಗುವುದಿಲ್ಲ.

ಮುದುಕಿಯ ಮಾತನ್ನು ಇಷ್ಟು ತಾಳ್ಮೆಯಿಂದ ಕೇಳಿದ ನಿಮಗೆಲ್ಲ ವಂದನೆಗಳು. ಕೇಕ್ ಕತ್ತರಿಸಬಹುದು. ನಮಸ್ಕಾರ.