ಸಂಚಾರಕ್ಕೆ ಹೊರಟವಳು

ಜೇವರ್ಗಿ ಬಸ್‌ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ತಲೆಗೆ ಟವೆಲು ಹೊದ್ದು ಕೂತು ಹಣಮಂತ್ರಾಯ ಬೀಡಿ ಹಚ್ಚುವಷ್ಟರಲ್ಲಿ ಬೆನ್ನ ಹಿಂದೆ ಇಬ್ಬರು ಹೆಂಗಸರ ಮಾತು ಕಿವಿಗೆ ಬಿತ್ತು. ಕಂಕುಳಲ್ಲಿ ಗಂಟು ಇಟ್ಟುಕೊಂಡವಳು ತುಳಜಾಬಾಯಿ. ಅವಳನ್ನು ತಡೆಯಲು ಏದುಸಿರು ಬಿಡುತ್ತ ಓಡಿ ಬಂದವಳು ನೆರೆಮನೆಯ ಹೀರಾಬಾಯಿ.

“ಎಲ್ಲಿಗಿ ಹೊಂಟೀದಿ ಯಕ್ಕಾ, ಹೇಳದ ಕೇಳದ?”

“ಸಂಚಾರಕ್ಕ.”

“ಸಂಚಾರಕ್ಕ ಮಠದ ಸ್ವಾಮಿಗೋಳು ಹೋಗ್ತಾರ.”

“ನನ್ನ ಗಂಡ ಯಾವ ಮಠದ ಸ್ವಾಮಿ ಬೇ? ವರ್ಷಕ್ಕ ಮೂರು ತಿಂಗಳು ಹೋಗ್ತಾನ. ಹೋದ ಸಲ ಸೊಲ್ಲಾಪುರದಾಗ ಇಸ್ಪೀಟ್ ಆಡಿ ಬಂದ. ಅದಕ್ಕೂ ಊರ ಮಂದಿ ಸಂಚಾರ ಅಂತಾನೇ ಅಂದ್ರು.”

“ಗಂಡಸರು ತಿರುಗಿದ್ರ ಹಂಗ ಅಂತಾರವಾ. ನಾವು ತಿರುಗಿದ್ರ ಓಡಿಹೋದ್ಲು ಅಂತಾರ.”

“ಅನ್ಲಿ. ನಾ ಎಲ್ಲಿ ಓಡಾಕತ್ತೇನಿ? ಬಸ್ಸಿನಾಗ ಕುಂತು ಹೊಂಟೀನಿ.”

“ಯಾವೂರಿಗಿ?”

“ಮೊದಲ ಘತ್ತರಗಿ ಭಾಗಮ್ಮದೇವಿ ಗುಡಿಗಿ. ಮುಂದಿನ ಊರು ಆಕೀನೇ ಹೇಳ್ತಾಳ.”

“ಅಣ್ಣ ಬಂದ್ರ ಏನ್ ಹೇಳ್ಲಿ?”

“ಅವ ತಿರುಗಾಡಿ ಬಂದಾಗೆಲ್ಲ ಬಾಗಿಲಾಗ ನಿಂದ್ರಿಸಿ ಕಾಲಿಗಿ ನೀರು ಹಾಕೀನಿ. ಈಗೂ ಅಲ್ಲೇ ಒಂದು ಕೊಡ ತುಂಬಿಟ್ಟೀನಿ. ಮುಟ್ಟಬ್ಯಾಡ ಅನ್ನು. ನಾ ಬಂದ ದಿನ ನನ್ನ ಕಾಲಿಗಿ ಅವ ಹಾಕ್ಲಿ.”

ಬಸ್ಸು ಬಂತು. ತುಳಜಾಬಾಯಿ ಗಂಟನ್ನು ಮೊದಲು ಒಳಗೆ ತೂರಿ, ಹಿಂದೆಯೇ ತಾನೂ ಹತ್ತಿದಳು. ಹೀರಾಬಾಯಿ ಸೆರಗು ಬಾಯಿಗಿಟ್ಟು ನಗುತ್ತ ಊರ ದಾರಿ ಹಿಡಿದಳು.

ಹನ್ನೆರಡು ದಿನದಿಂದ ಮನೆಯ ಕಡೆ ತಲೆ ಹಾಕದಿದ್ದ ತುಳಜಾಬಾಯಿಯ ಗಂಡ ಹಣಮಂತ್ರಾಯ ಬೀಡಿ ಆರಿಸಿ, ಧೂಳು ಮೆತ್ತಿದ ತನ್ನ ಪಾದ ನೋಡಿಕೊಂಡ. ಆಮೇಲೆ ಎದ್ದು ಹೋಗಿ, ಸ್ಟ್ಯಾಂಡಿನ ನಲ್ಲಿಯ ಕೆಳಗೆ ತನ್ನ ಕಾಲನ್ನು ತಾನೇ ತೊಳೆದುಕೊಂಡ.