ಮೂರು ಸೊನ್ನೆ

"ಯವ್ವಾ, ಮೂರು ಸಲಾನೂ ನೋವು ಸೊನ್ನೆ ಅಂತ ಬರಸೀಯಲ್ಲ!"

ಬೈಲಹೊಂಗಲದ ದವಾಖಾನೆಯ ಬೆಂಚಿನ ಮೇಲೆ, ನನ್ನ ಪಕ್ಕ ಕೂತಿದ್ದ ತುಂಬು ಬಸುರಿ ಮಗಳು ತನ್ನ ತಾಯಿಯನ್ನು ಕೇಳುತ್ತಿದ್ದಳು. ತಾಯಿಯ ಮೊಣಕಾಲು ಆಪರೇಷನ್ ಆದ ಮೇಲೆ ಪ್ರತಿ ತಪಾಸಣೆಯಲ್ಲೂ ತುಂಬಿಸಿದ, ನೋವಿಗೆ ಸೊನ್ನೆಯಿಂದ ಹತ್ತರವರೆಗೆ ಅಂಕ ಕೇಳುವ ಫಾರಂಗಳು ಮಗಳ ಕೈಯಲ್ಲಿದ್ದವು.

"ಡಾಕ್ಟರು ಅಷ್ಟು ಕಷ್ಟಪಟ್ಟು ಮಾಡ್ಯಾರ. ನೋಯತೈತಿ ಅಂತ ಅವರ ಮುಂದ ಹ್ಯಾಂಗ ಹೇಳ್ಲಿ?"

"ನೆಲಕ್ಕ ಕುಂದ್ರಾಕ ತ್ರಾಸಿಲ್ಲ ಅಂತನೂ ಬರಸೀ."

"ಕುಂದ್ರೂದ ಬಿಟ್ಟೇನಿ. ತ್ರಾಸ ಎಲ್ಲೀದು?"

"ಆವಾಗ ಹೇಳಿದ್ರ ವ್ಯಾಯಾಮ ಕಲಸ್ತಿದ್ರಂತ. ಈಗ ಕಾಲು ಬಿಗದೈತಿ, ಇನ್ನ ಮಡಚೂದಿಲ್ಲ ಅಂದ್ರು ನರ್ಸಬಾಯಾರು."

"ಹಂಗಾರ ನಿನ್ನ ಕೂಸಿಗೆ ನೀರ ಎರಿಯಾಕ ನಾ ನೆಲಕ್ಕ ಹ್ಯಾಂಗ ಕುಂದರ್ಲಿ?"

ಮಗಳು ಫಾರಂಗಳನ್ನು ಮಡಚತೊಡಗಿದಳು; ತಾಯಿ ಅವಳ ಕೈ ಹಿಡಿದಳು.

"ತಪ್ಪಾತವ್ವಾ. ಇವತ್ತರ ಖರೇ ಹೇಳತೇನಿ."

ಒಳಗಿನಿಂದ ಕರೆದರು. ಮಗಳು ಹೊಟ್ಟೆ ಹಿಡಿದು ಎದ್ದು, ತಾಯಿಯನ್ನು ಎಬ್ಬಿಸಿಕೊಂಡು ಹೋದಳು. ಬಾಗಿಲು ಮುಚ್ಚುವ ಮುನ್ನ ತಾಯಿಯ ದನಿ ಕೇಳಿಸಿತು:

"ನಿಮ್ಮ ಕೈಗುಣಾರಿ ಸಾಹೇಬ್ರ, ಆರಾಮ ಅದೇನಿ."