ಜಾಡಿಗೆ ಹಚ್ಚಿದ ಚಿನ್ನ

ಮುಟ್ಟಬೇಡತ್ತೆ, ಮುಟ್ಟಬೇಡ! ಇನ್ನೂ ಹಸಿ ಇದೆ... ನಾಕು ದಿನ ಹಂಗೇ ಇರ್ಲಿ. ಯಾಕೆ ನಗ್ತೀಯಾ? ಒಡೆದ ಉಪ್ಪಿನಕಾಯಿ ಜಾಡಿಗೆ ಚಿನ್ನ ಹಚ್ಚೋ ಹುಚ್ಚ ಈ ನಂದಗುಡೀಲಿ ಇವನೊಬ್ಬನೇ ಅಂತಾನಾ? ನಗು, ನಗು. ಹೋದ ವರ್ಷ ನಾನು ಸಿಂಗಾಪುರದಿಂದ ಒಬ್ಬನೇ ಬಂದು ನಿನ್ನ ಬಾಗಿಲಲ್ಲಿ ನಿಂತೆನಲ್ಲ, ಅವತ್ತು ನಿನ್ನ ಕೈಯಿಂದ ಬಿದ್ದ ಜಾಡಿ ಇದು. ನಿನ್ನ ಮಗ, ಬೈರಣ್ಣ ಬಾವ, ನನ್ನ ಜೊತೆ ಯುದ್ಧದ ಪಟಾಲಮ್ಮಿಗೆ ಹೊರಡೋ ಮುಂಚೆ ಹೊಸಕೋಟೆ ಸಂತೇಲಿ ತಂದುಕೊಟ್ಟಿದ್ದು. ಒಡೆದದ್ದು ಮನೇಲಿಡಬಾರ್ದು ಅಂತ ಎಲ್ಲರೂ ಬೈದ್ರೂ ನೀನು ಚೂರೆಲ್ಲ ಅಟ್ಟದ ಮೇಲೆ ಬಚ್ಚಿಟ್ಟಿದ್ದೆ. ನೋಡೀಗ, ಐದು ಚೂರೂ ಹೆಂಗೆ ಕೂತಿವೆ.

ಕೈಗೇನಾಯ್ತಾ? ಅಯ್ಯೋ, ಏನಿಲ್ಲ. ಅಗಸರು ಬಟ್ಟೆಗೆ ಗುರುತು ಹಾಕೋ ಗೇರುಕಾಯಿ ಇಲ್ವಾ, ಅದರ ರಸಕ್ಕೆ ಗುಳ್ಳೆ ಎದ್ದಿದೆ. ಜಪಾನಿನೋರು ಯಾವುದೋ ಮರದ ಹಾಲು ಹಾಕ್ತಾರೆ, ಅದೂ ಹಿಂಗೇ ಉರಿಯುತ್ತೆ. ಇಲ್ಲಿ ಅದೆಲ್ಲಿ ಸಿಗ್ಬೇಕು! ಗೋಧಿ ಹಿಟ್ಟಿಗೆ ಈ ರಸ ಕಲಸಿ ಅಂಟಿಸಿದೆ. ಅಂಟಿದ ಮೇಲೆ ಸಂದಿಗುಂಟ ಅದನ್ನೇ ತೆಳ್ಳಗೆ ಎಳೆದು, ಆರೋ ಮುಂಚೆ ಚಿನ್ನದ ಪುಡಿ ಉದುರಿಸಿದೆ. ಅಷ್ಟೆ.

ಯಾರು ಕಲಿಸಿದ್ದಾ? ಜಪಾನಿನೋರು ನಮ್ಮನ್ನ ಸೆರೆ ಇಟ್ಟಿದ್ದ ಕ್ಯಾಂಪಲ್ಲಿ ಒಬ್ಬ ಜಪಾನಿ ಮುದುಕ ಇದ್ದ. ತಾತ ಅಂತಿದ್ವಿ. ಅವರ ಸಾಹೇಬ್ರು ಟೀ ಕುಡಿಯೋ ಬಟ್ಟಲು ಒಡೆದ್ರೆ ಇವನ ಹತ್ರಾನೇ ಬರೋದು. ನನ್ನ ಕೈ ನಡುಗಲ್ಲ ಅಂತ ಕೆಲಸಕ್ಕೆ ಕರ್ಕೊಂಡ. ಒಡೆದದ್ದನ್ನ ಮುಚ್ಚಬೇಡ, ಎಲ್ಲರಿಗೂ ಕಾಣಂಗೆ ಮಾಡು ಅಂತ ಕೈಸನ್ನೇಲೇ ಹೇಳ್ತಿದ್ದ. ಹೊಟ್ಟೆ ತುಂಬ ಅನ್ನ ಹಾಕ್ತಿದ್ದ ಕಣತ್ತೆ. ಬೇರೆಯೋರಿಗೆ ಗಂಜೀನೂ ಸರಿಯಾಗಿ ಇರ್ಲಿಲ್ಲ...

ಏನು? ಚಿನ್ನ? ಚಿನ್ನ ಆ ತಾತನೇ ಕೊಟ್ಟಿದ್ದು. ಬರೋವಾಗ ಒಂದು ಚಿಟಿಕೆ... ಕಾಗದದಲ್ಲಿ ಕಟ್ಟಿ... ಹಂಗ್ಯಾಕೆ ನೋಡ್ತೀಯಾ? ಯುದ್ಧ ಸೋತು ಹೋಗೋರು ಚಿನ್ನ ಹಂಚಿ ಹೋದ್ರಾ ಅಂತಾನಾ? ಹೂಂ, ಕೊಟ್ಟ! ಆ ಬಟ್ಟೆ ಗಂಟು ಇತ್ತ ಕೊಡು. ಅದರಲ್ಲಿ ಉಜ್ಜೋ ಅರ ಇದೆ, ಹತ್ತಿ ಇದೆ, ಬೇರೇನಿಲ್ಲ. ಬಿಚ್ಚಬೇಡ... ಅತ್ತೆ!

ಅದು... ಕಿವಿ ಒಂಟೀದು ತಿರುಪು. ತೀರಾ ಚಿಕ್ಕದು, ಅರಕ್ಕೆ ಸಿಗದೆ ಉಳ್ಕೊಂಡ್ಬಿಡ್ತು.

ಸೆರಗಿನ ಗಂಟಿಂದ ಅದನ್ನ ಯಾಕೆ ತೆಗೀತೀಯಾ? ಗೊತ್ತು, ಬಾವನ ಒಂಟಿ, ನಾನೇ ತಂದುಕೊಟ್ಟಿದ್ದು. ಒಂದೇ ಸಿಕ್ತು, ಇನ್ನೊಂದು ಅವನ ಜೊತೆ ಮಣ್ಣಿಗೆ ಹೋಯ್ತು ಅಂದಿದ್ದೆ. ಅಯ್ಯೋ, ಎರಡನ್ನೂ ಪಕ್ಕಪಕ್ಕ ಇಡಬೇಡ... ಬಯ್ಯಿ ಅತ್ತೆ, ಬಯ್ಯಿ!

ಕ್ಯಾಂಪಲ್ಲಿ ಬಾವಂಗೆ ರಕ್ತಭೇದಿ ಹಿಡೀತು. ಎರಡು ಒಂಟೀನೂ ತಾನೇ ಬಿಚ್ಚಿಕೊಟ್ಟ. 'ಮುನಿಸ್ವಾಮಿ, ನಿನ್ನ ತಾತಂಗೆ ಕೊಟ್ಟು ಔಷಧಿ ಇಸ್ಕೊಂಡು ಬಾರೋ' ಅಂದ. ಕೇಳಿದ್ರೆ ಮುದುಕ ಕೊಡ್ತಿದ್ನೋ ಏನೋ. ನಾನು ಕೇಳಲೇ ಇಲ್ಲ. ಕೇಳಿದ್ರೆ ಅಲ್ಲಿಂದ ಓಡಿಸ್ತಾನೆ, ಅನ್ನ ಹೋಗುತ್ತೆ ಅಂತ ಭಯ. ಬಾವಂಗೆ 'ನಾಳೆ ಕೊಡ್ತಾನಂತೆ' ಅಂದೆ. ಮಾರನೇ ದಿನಾನೂ ನಾಳೆ ಅಂದೆ. ಮೂರು ದಿನ ಕಾದ. ಆ ಮೂರು ದಿನಾನೂ ನಾನು ಯಾರದೋ ಬಟ್ಟಲಿಗೆ ಚಿನ್ನ ಉದುರಿಸೋದು ಕಲೀತಾ ಕೂತಿದ್ದೆ. ಅವನ ಚಿನ್ನ ನನ್ನ ಸೊಂಟದಲ್ಲೇ ಇತ್ತು.

ನಿದ್ದೇಲೇ ಹೋದ ಅಂದಿದ್ದು ಸುಳ್ಳು. ಬಾಗಿಲ ಕಡೆ ನೋಡ್ತಾನೇ ಹೋದ.

ಜಾಡಿ ಯಾಕೆ ಎತ್ತಿದೆ? ಹಸಿ ಇದೆ ಅಂದ್ನಲ್ಲ... ಒಡೀತೀಯಾ? ಒಡಿ. ನಿಂದು, ಒಡೆದ್ಹಾಕು! ನನ್ನ ಕೈಗ್ಯಾಕೆ ಕೊಡ್ತೀಯಾ? ತಗೊಂಡು ಹೋಗು ಅಂತಾನಾ? ಬೇಡತ್ತೆ, ಬೇಡ... ಅವನ ಒಂಟಿ ಹಿಂಗಾದ್ರೂ ನಿನ್ನ ಮನೆ ಸೇರ್ಲಿ ಅಂತ ಮಾಡ್ದೆ. ತಿರುಪು ಮಾತ್ರ ಸೆರಗಿಗೆ ಕಟ್ಕೊಂಡ್ಯಾ? ಇದನ್ನ ನಾನು ಎಲ್ಲಿಡ್ಲಿ ಅತ್ತೆ? ಎಲ್ಲಿಟ್ರೂ ಈ ಚಿನ್ನದ ಗೆರೆ ಕಾಣುತ್ತಲ್ಲ...